ಭರಣಿಯಿಂದ ಬೇರಿನ ಕಡೆಗೆ: ಹಳೆಯ ದ್ರಾಕ್ಷಿ ಚಪ್ಪರದ ದೋಷ ಹುಡುಕುವ ಕ್ರಮ

ಅಜ್ಜ ಹಾಕಿಸಿದ ದ್ರಾಕ್ಷಿ ಚಪ್ಪರ ಇಪ್ಪತ್ತು ವರ್ಷ ಪಾಳು ಬಿದ್ದಿತ್ತು. ಅದನ್ನು ಮತ್ತೆ ಎತ್ತಿ ಕಟ್ಟಿ, ಮೊದಲ ಸಲ ಕೊಯ್ದ ಹಣ್ಣಿನಿಂದ ಮೂರು ಭರಣಿ ವೈನ್ ಹಾಕಿದೆವು. ಮೂರೂ ಕೆಟ್ಟವು, ಒಂದೊಂದು ಒಂದೊಂದು ಬಗೆಯಲ್ಲಿ. ಮೊದಲನೆಯದು ಮೂಗಿಗೆ ಚುಚ್ಚುವಷ್ಟು ಹುಳಿಯಾಯಿತು. ಎರಡನೆಯದರ ಹುದುಗು ಅರ್ಧಕ್ಕೇ ನಿಂತು ಪಾನಕದಂತೆ ಸಿಹಿಯಾಗಿಯೇ ಉಳಿಯಿತು. ಮೂರನೆಯದರ ರುಚಿಗೆ ಕೊರತೆಯಿರಲಿಲ್ಲ. ಆದರೆ ಆರು ತಿಂಗಳು ಇಟ್ಟರೂ ಮಬ್ಬು ಕಳೆಯಲಿಲ್ಲ.

ಆ ವರ್ಷ ನಾವು ಮಾಡಿದ ದೊಡ್ಡ ತಪ್ಪು ಮೂರಕ್ಕೂ ಸೇರಿಸಿ ಒಂದೇ ಕಾರಣ ಹುಡುಕಿದ್ದು. ಯೀಸ್ಟ್ ಸರಿಯಿರಲಿಲ್ಲ ಎಂದು ಚಿಕ್ಕಪ್ಪ ಹೇಳಿದರು, ಹಣ್ಣೇ ಸರಿಯಿರಲಿಲ್ಲ ಎಂದು ನಾನು ವಾದಿಸಿದೆ. ಆಮೇಲಿನ ನಾಲ್ಕು ಕೊಯ್ಲುಗಳಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದಾಗ ತಿಳಿದದ್ದಿಷ್ಟು: ದ್ರಾಕ್ಷಿಯಲ್ಲಿ ದೋಷ ಕಾಣಿಸುವ ತಿಂಗಳು ಬೇರೆ, ಅದು ಹುಟ್ಟುವ ತಿಂಗಳು ಬೇರೆ. ನವೆಂಬರಿನಲ್ಲಿ ಹೂಗೊಂಚಲು ಬರದಿದ್ದರೆ ಅದರ ಕಾರಣ ಮೇ ತಿಂಗಳಿನಲ್ಲಿರುತ್ತದೆ. ಏಪ್ರಿಲಿನಲ್ಲಿ ಭರಣಿ ಹುಳಿಯಾದರೆ ಅದರ ಕಾರಣ ಫೆಬ್ರವರಿ ಕೊನೆಯ ಒಂದೇ ಒಂದು ಮಳೆಯಾಗಿರಬಹುದು. ಹಾಗಾಗಿ ನಾನು ಹುಡುಕುವ ದಾರಿ ಹಿಂದಕ್ಕೆ ನಡೆಯುತ್ತದೆ: ಮೊದಲು ಭರಣಿ, ಆಮೇಲೆ ಬುಟ್ಟಿಯ ಹಣ್ಣು, ಆಮೇಲೆ ಎಲೆ, ಬಳ್ಳಿ, ಕೊನೆಗೆ ಬೇರು.

ನಮ್ಮ ಚಪ್ಪರ ಇರುವುದು ಸುಂಟಿಕೊಪ್ಪದಿಂದ ಕುಶಾಲನಗರದ ಕಡೆಗೆ ಇಳಿಯುವ ಅಂಚಿನಲ್ಲಿ. ಈ ಜಾಗ ಮುಖ್ಯ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಭಾಗಮಂಡಲದಲ್ಲಿ ಅದಕ್ಕೂ ಬಹಳ ಹೆಚ್ಚು. ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ಮಳೆ ಮಡಿಕೇರಿಯ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಕೊಡಗಿನಲ್ಲಿ ಹಳೆಯ ದ್ರಾಕ್ಷಿ ಬಳ್ಳಿಯೊಂದು ನಿಮ್ಮ ಮನೆಯ ಹಿಂದೆ ಇದ್ದರೆ, ಅದನ್ನು ಉಳಿಸುವ ಯೋಚನೆ ಮಾಡುವ ಮೊದಲು ನೀವು ಯಾವ ಮಳೆಯಲ್ಲಿದ್ದೀರಿ ಎಂದು ನೋಡಿಕೊಳ್ಳಿ. ಪಶ್ಚಿಮದ ದಟ್ಟ ಮಳೆಯ ಹೋಬಳಿಗಳಲ್ಲಿ ಒಂದೆರಡು ಬಳ್ಳಿಯನ್ನು ಸೂರಿನಡಿ ಸಾಕಬಹುದು. ತೋಟವಾಗಿ ಬೆಳೆಸಲು ನಾನು ಯಾರಿಗೂ ಹೇಳುವುದಿಲ್ಲ.

ಬಳ್ಳಿಯ ಗುರುತು

ನಮ್ಮದು ಬೆಂಗಳೂರು ಬ್ಲೂ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರಿನ ಸುತ್ತ ಬೆಳೆಯುವ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತಳಿ. ಮೂಲದಲ್ಲಿ ಇದು ಅಮೆರಿಕದ ಕಾಡುದ್ರಾಕ್ಷಿಯ ಕಡೆಯದು, ಯುರೋಪಿನ ವೈನ್ ದ್ರಾಕ್ಷಿಯ ಕುಲದ್ದಲ್ಲ. ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಎಲೆಯ ಅಡಿಭಾಗ ಬಿಳಿಚಾಗಿ, ಉಣ್ಣೆ ಸವರಿದಂತೆ ಇರುತ್ತದೆ. ಕುಡಿಬಳ್ಳಿಗಳನ್ನೂ ಎಣಿಸಿ: ಯುರೋಪಿನ ದ್ರಾಕ್ಷಿಯಲ್ಲಿ ಎರಡು ಗಿಣ್ಣುಗಳಲ್ಲಿ ಕುಡಿಬಳ್ಳಿ ಬಂದರೆ ಮೂರನೆಯದು ಖಾಲಿ, ಅಮೆರಿಕದ ಕುಲದಲ್ಲಿ ಸಾಮಾನ್ಯವಾಗಿ ಸಾಲಾಗಿ ಎಲ್ಲ ಗಿಣ್ಣುಗಳಲ್ಲೂ ಇರುತ್ತದೆ.

ಗುರುತು ಯಾಕೆ ಬೇಕು? ಈ ತಳಿ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ, ಬೂಜು ತುಪ್ಪಟ ರೋಗಕ್ಕೆ ಬೇಗ ಬಲಿಯಾಗುತ್ತದೆ. ಹಣ್ಣಿನ ಸಕ್ಕರೆ 16ರಿಂದ 18 ಬ್ರಿಕ್ಸ್‌ನಲ್ಲೇ (ಅಂದರೆ ರಸದ ತೂಕದಲ್ಲಿ ಸುಮಾರು ಅಷ್ಟು ಶೇಕಡಾ ಸಕ್ಕರೆ) ನಿಲ್ಲುತ್ತದೆ. ಇದರ ವಾಸನೆ ಗಾಢವಾದದ್ದು. ಅದನ್ನು ದೋಷವೆಂದು ತಿಳಿದು ಪರಿಹಾರ ಹುಡುಕುವವರಿದ್ದಾರೆ. ಅದು ಈ ಹಣ್ಣಿನ ಸ್ವಭಾವ, ಹಾಗೆಯೇ ಇರಲಿ.

ಭರಣಿ ಹುಳಿಯಾದಾಗ

ಮೊದಲ ಭರಣಿಯ ರೋಗವನ್ನು ಗುರುತಿಸಿದವರು ಅಜ್ಜಿ. ಒಂದು ಚಮಚ ಬಾಯಿಗೆ ಹಾಕುವ ಮೊದಲೇ ಮೂಗಿನ ಹತ್ತಿರ ಹಿಡಿದು, “ಮಗು, ಇದು ಕಾಚಂಪುಳಿಯ ಹುಳಿಯಲ್ಲ” ಎಂದರು. ಅದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಈವರೆಗೆ ಕಂಡಿಲ್ಲ. ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ನಾಲಿಗೆಯನ್ನು ಹಿಂಡುವಷ್ಟು ಹುಳಿ, ಆದರೂ ಮೂಗಿಗೆ ಚುಚ್ಚುವುದಿಲ್ಲ, ಏಕೆಂದರೆ ಅದರ ಆಮ್ಲ ಗಾಳಿಗೆ ಹಾರುವಂಥದ್ದಲ್ಲ. ದ್ರಾಕ್ಷಿಯ ಸಹಜ ಹುಳಿಯೂ ಅಂಥದ್ದೇ. ವಿನೆಗರ್ ಆಮ್ಲ ಹಾರುತ್ತದೆ. ಆದ್ದರಿಂದ ನಾಲಿಗೆಗೆ ಮಾತ್ರ ಹುಳಿಯಾಗಿದ್ದರೆ ಹಣ್ಣು ಎಳೆಯದಿತ್ತು ಎಂದರ್ಥ. ಆರೆಂಟು ತಿಂಗಳು ಇಟ್ಟರೆ ಸ್ವಲ್ಪ ಮೆತ್ತಗಾಗುತ್ತದೆ. ಮೂಗಿಗೆ ಚುಚ್ಚಿದರೆ ಅಸಿಟಿಕ್ ಬ್ಯಾಕ್ಟೀರಿಯ ಒಳಗೆ ಸೇರಿದೆ. ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೂ ಹೆಚ್ಚಾಗಿ ಅದೇ ಬ್ಯಾಕ್ಟೀರಿಯದ ಕೆಲಸ.

ಇದಕ್ಕೆ ಪರಿಹಾರವಿಲ್ಲ. ಸಕ್ಕರೆ ಹಾಕಿ ಮರೆಸಬೇಡಿ, ಒಳ್ಳೆಯ ವೈನ್ ಬೆರೆಸಿ ಸರಿಮಾಡಲು ಹೋಗಬೇಡಿ, ಬೆರೆಸಿದರೆ ಎರಡೂ ಹೋಗುತ್ತವೆ. ಆ ಭರಣಿಯನ್ನು ಬೇರೆ ಕೋಣೆಗೆ ಒಯ್ದು ವಿನೆಗರ್ ಆಗಲು ಬಿಡಿ. ನಾವು ಅದನ್ನು ಉಪ್ಪಿನಕಾಯಿಗೆ ಬಳಸಿದೆವು.

ಹುಡುಕಬೇಕಾದದ್ದು ಅದು ಎಲ್ಲಿಂದ ಬಂತು ಎಂಬುದನ್ನು. ಅಸಿಟಿಕ್ ಬ್ಯಾಕ್ಟೀರಿಯಕ್ಕೆ ಗಾಳಿ ಬೇಕೇ ಬೇಕು. ಹುದುಗು ಜೋರಾಗಿ ಏಳುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ರಸದ ಮೇಲೆ ಕಂಬಳಿಯಂತೆ ಹರಡಿ ಕಾಯುತ್ತದೆ. ಹುದುಗು ಇಳಿದ ಮೇಲೆ ಆ ಕಾವಲು ಇರುವುದಿಲ್ಲ. ನಮ್ಮ ಮನೆಗಳಲ್ಲಿ ಇಪ್ಪತ್ತೊಂದು ದಿನ ದಿನಾ ಮುಚ್ಚಳ ತೆಗೆದು ಕಲಕುವ ರೂಢಿಯಿದೆ. ಮೊದಲ ಒಂದು ವಾರ ಅದು ಬೇಕಾದ ಕೆಲಸ: ಮೇಲೆ ತೇಲುವ ಸಿಪ್ಪೆ ಒಣಗಬಾರದು, ಯೀಸ್ಟ್‌ಗೂ ಗಾಳಿ ಬೇಕು. ಆಮೇಲಿನ ಎರಡು ವಾರ ಕಲಕುವುದು ವಿನೆಗರಿಗೆ ಕೊಡುವ ಆಹ್ವಾನ. ಈಗ ನಾವು ಏಳೆಂಟು ದಿನಕ್ಕೆ ಸಿಪ್ಪೆ ಹಿಂಡಿ ತೆಗೆದು, ರಸವನ್ನು ಕತ್ತಿನವರೆಗೆ ತುಂಬುವ ಗಾಜಿನ ಬುರುಡೆಗೆ ಹಾಕಿ, ನೀರಿನೊಳಗೆ ಗುಳ್ಳೆ ಬಿಡುವ ಕೊಳವೆ ಸಿಕ್ಕಿಸುತ್ತೇವೆ. ಅರ್ಧ ಖಾಲಿ ಪಾತ್ರೆಯಲ್ಲಿ ಮುಗಿದ ವೈನ್ ಇಡುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಹುದುಗಿಸುವವರು ಉಗ್ರಾಣದ ಕಿಟಕಿ ತೆರೆದಿಡಬೇಕು. ಆ ಅನಿಲ ನೆಲಮಟ್ಟದಲ್ಲಿ ತುಂಬಿಕೊಂಡರೆ ಜೀವಕ್ಕೆ ಅಪಾಯ.

ಆದರೆ ಮೂರೂ ಭರಣಿಗಳನ್ನು ಕಲಕಿದ್ದು ಒಂದೇ ರೀತಿ. ಒಂದೇ ಏಕೆ ಹುಳಿಯಾಯಿತು? ಬರೆದಿಟ್ಟ ಪುಸ್ತಕ ನೋಡಿದೆ. ಆ ಭರಣಿಯ ಹಣ್ಣು ಕೊಯ್ದದ್ದು ಕೊನೆಗೆ, ಮಳೆಯ ಮರುದಿನ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಡಗಿನಲ್ಲಿ ಎಲ್ಲರೂ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ. ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದೇ ಮಳೆ ಹಣ್ಣಾದ ದ್ರಾಕ್ಷಿಗೆ ಕೇಡು. ಬೇರು ಒಮ್ಮೆಲೇ ನೀರು ಹೀರಿ ತೆಳು ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣಿಗೆ ಕಣಜ, ಪುಟ್ಟ ಹಣ್ಣುನೊಣ, ಪಿಕಳಾರ ಎಲ್ಲ ಬರುತ್ತವೆ. ಗೊಂಚಲಿನೊಳಗೇ ವಿನೆಗರ್ ಶುರುವಾಗುತ್ತದೆ, ಹೊರಗಿನಿಂದ ನೋಡಿದರೆ ಗೊಂಚಲು ಚೆನ್ನಾಗಿಯೇ ಕಾಣುತ್ತದೆ. ಕಾಫಿಗೆ ಸಿಕ್ಕ ಸಂತೋಷದಲ್ಲಿ ಅಂದು ನಾವು ಚಪ್ಪರದ ಕಡೆ ನೋಡಲೇ ಇಲ್ಲ.

ಪರೀಕ್ಷೆ ಸುಲಭ. ಗೊಂಚಲಿನ ನಡುವೆ ಬೆರಳಿಟ್ಟು ಬಿಡಿಸಿ, ಒಳಗಿನ ಕಾಯಿಗಳನ್ನು ಮೂಸಿ. ಹುಳಿ ವಾಸನೆ ಬಂದರೆ ಗೊಂಚಲನ್ನೇ ಬಿಡಿ. ಒಂದೊಂದು ಕಾಯಿ ಆರಿಸುವ ಆಸೆ ಬೇಡ. ಸಂದೇಹವಿರುವ ಹಣ್ಣಿಗೆ ಜಜ್ಜಿದ ತಕ್ಷಣ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಬೇಕು, ಹತ್ತು ಲೀಟರಿಗೆ ಒಂದು ಗ್ರಾಮಿಗಿಂತ ತುಸು ಕಡಿಮೆ. ಅಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ಸಿಗುವುದಿಲ್ಲ. ಹತ್ತು ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು ನೂರು ಮಿಲಿಲೀಟರ್ ಮಾಡಿಕೊಳ್ಳಿ. ಅದರ ಒಂಬತ್ತು ಮಿಲಿಲೀಟರ್ ಸಾಕು. ಯೀಸ್ಟನ್ನು ಮರುದಿನ ಹಾಕಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಸಲ್ಫೈಟ್ ಹಾಕಿದ್ದನ್ನು ಅವರಿಗೆ ಹೇಳಲೇಬೇಕು.

ಹುದುಗು ನಡುವೆ ನಿಂತಾಗ

ಮೊದಲು ನಿಜವಾಗಿಯೂ ನಿಂತಿದೆಯೇ ನೋಡಿ. ಗುಳ್ಳೆ ಕಾಣದಿದ್ದರೆ ನಿಂತಿದೆ ಎಂದಲ್ಲ. ರಸ ನೀರಿಗಿಂತ (ನೀರು 1.000) ಎಷ್ಟು ದಟ್ಟವೆಂದು ತೋರಿಸುವ ಹೈಡ್ರೋಮೀಟರ್ ಒಂದೇ ಸರಿಯಾದ ಸಾಕ್ಷಿ. 17 ಬ್ರಿಕ್ಸ್ ರಸ 1.070ರ ಆಸುಪಾಸಿನಲ್ಲಿ ತೇಲಿಸುತ್ತದೆ, ಸಕ್ಕರೆಯೆಲ್ಲ ಮುಗಿದರೆ 1.000ಕ್ಕಿಂತ ಕೆಳಗಿಳಿಯುತ್ತದೆ. ಮೂರು ದಿನ ಒಂದೇ ಹೊತ್ತಿನಲ್ಲಿ ನೋಡಿ. ನಮ್ಮ ಎರಡನೆಯ ಭರಣಿ ಒಂದು ವಾರ 1.030ರಲ್ಲೇ ಕುಳಿತಿತ್ತು.

ಕಾರಣಗಳ ಪಟ್ಟಿ ಉದ್ದವಿದೆ: ಸಕ್ಕರೆ ಅತಿಯಾಗಿರಬಹುದು, ಚಳಿ ಇರಬಹುದು, ಯೀಸ್ಟ್‌ಗೆ ಸಾರಜನಕ ಸಾಲದಿರಬಹುದು, ಸಿಂಪಡಿಸಿದ ತಾಮ್ರ ಹಣ್ಣಿನ ಮೇಲೆ ಉಳಿದಿರಬಹುದು. ನನಗೆ ತಾಮ್ರದ ಮೇಲೆಯೇ ಅನುಮಾನ. ಜನವರಿಯಲ್ಲಿ ಪಕ್ಕದ ಗಿಡಗಳಿಗೆ ಕಲಸಿದ ಬೋರ್ಡೋ ಮಿಶ್ರಣ (ತಾಮ್ರವಿರುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಉಳಿದಿತ್ತೆಂದು ದ್ರಾಕ್ಷಿಗೂ ಹೊಡೆಸಿದ್ದೆ. ಆದರೆ ಅನುಮಾನವಿದ್ದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಯೀಸ್ಟ್, ಪೋಷಕಾಂಶ, ಬಿಸಿ ಮೂರನ್ನೂ ಒಟ್ಟಿಗೆ ಕೊಟ್ಟು ಅದು ಎದ್ದರೆ ಯಾವುದರಿಂದ ಎದ್ದಿತು ಎಂದು ಮುಂದಿನ ವರ್ಷ ಯಾರೂ ಹೇಳಲಾರರು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿದೆ. ಥರ್ಮಾಮೀಟರ್ ಇಳಿಬಿಟ್ಟರೆ ಬೆಳಗಿನ ಜಾವ ಭರಣಿಯೊಳಗೆ 14 ಡಿಗ್ರಿ. ನಾವು ಬಳಸಿದ್ದು ಬ್ರೆಡ್ ಯೀಸ್ಟ್. ಆ ಚಳಿಗೆ ಅದು ನಿದ್ದೆಹೋಗಿತ್ತು. ಭರಣಿಯನ್ನು ಉಗ್ರಾಣದ ಕಲ್ಲುನೆಲದಿಂದ ಎತ್ತಿ, ಗೋಣಿಚೀಲ ಸುತ್ತಿ, ಬಚ್ಚಲಮನೆಯ ಒಲೆಯ ಹಿಂಬದಿಯ ಗೋಡೆಗೆ ಒರಗಿಸಿ ಇಟ್ಟೆವು. ಬೇರೇನನ್ನೂ ಹಾಕಲಿಲ್ಲ. ನಾಲ್ಕನೆಯ ದಿನ 1.024 ತೋರಿಸಿತು. ತಾಮ್ರ ನಿರಪರಾಧಿಯಾಗಿತ್ತು.

ಬಿಸಿಗೂ ಏಳದಿದ್ದರೆ ಹೊಸ ಯೀಸ್ಟ್ ಬೇಕು. ಒಣ ಯೀಸ್ಟನ್ನು ನಿಂತ ವೈನಿಗೆ ನೇರವಾಗಿ ಸುರಿದರೆ ಅದು ಮದ್ಯದ ಏಟಿಗೆ ಸಾಯುತ್ತದೆ. ಬಿಸಿನೀರು ಕೈಗೆ ಹಿತವಾಗುವಷ್ಟು, ಅಂದರೆ 35ರಿಂದ 40 ಡಿಗ್ರಿ ಇರಲಿ. ಅದರಲ್ಲಿ ವೈನ್ ಯೀಸ್ಟನ್ನು ಕಾಲು ಗಂಟೆ ನೆನೆಸಿ, ಸ್ವಲ್ಪ ಸಕ್ಕರೆನೀರು ಕೊಟ್ಟು ನೊರೆ ಏಳಿಸಿ, ಅಷ್ಟೇ ಅಳತೆಯ ನಿಂತ ವೈನ್ ಸೇರಿಸಿ. ಮತ್ತೆ ನೊರೆ ಎದ್ದ ಮೇಲೆ ಅದರಷ್ಟೇ ಇನ್ನೊಂದು ಪಾಲು. ಹೀಗೆ ಹಂತಹಂತವಾಗಿ ಒಗ್ಗಿಸಿ ಕೊನೆಗೆ ಭರಣಿಗೆ ಸೇರಿಸಬೇಕು.

ಪೋಷಕಾಂಶದ ಬಗ್ಗೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಿದೆ. ಯೀಸ್ಟ್‌ಗೆ ಕೊಡುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಮತ್ತು ತೋಟಕ್ಕೆ ಹಾಕುವ ಡಿಎಪಿ ಹೆಸರಿನಲ್ಲಿ ಒಂದೇ, ಶುದ್ಧತೆಯಲ್ಲಿ ಒಂದೇ ಅಲ್ಲ. ಗೊಬ್ಬರದ ಚೀಲದಿಂದ ಒಂದು ಚಿಟಿಕೆಯನ್ನೂ ಭರಣಿಗೆ ಹಾಕಬೇಡಿ.

ಸಕ್ಕರೆಯ ಲೆಕ್ಕವೂ ಇಲ್ಲೇ ಬರುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಮದ್ಯಸಾರ. ನಮ್ಮ ಹಣ್ಣು ತಾನಾಗಿ ಒಂಬತ್ತು, ಒಂಬತ್ತೂವರೆಯ ಹತ್ತಿರ ಕೊಡುತ್ತದೆ. ಹನ್ನೆರಡಕ್ಕೆ ಏರಿಸಲು ಹತ್ತು ಲೀಟರಿಗೆ ಸುಮಾರು 425ರಿಂದ 510 ಗ್ರಾಂ ಸಕ್ಕರೆ ಸಾಕು. ಹಣ್ಣಿನಷ್ಟೇ ತೂಕದ ಸಕ್ಕರೆ ಸುರಿಯುವ ಪದ್ಧತಿಯಲ್ಲಿ ಯೀಸ್ಟ್ ಸೋಲುವುದು ಖಚಿತ, ಉಳಿಯುವುದು ಮದ್ಯ ಬೆರೆತ ಪಾಕ.

ಮಬ್ಬು

ಮೂರನೆಯ ಭರಣಿಗೆ ಒಂದು ಹಿಡಿ ಗೋಧಿ ಹಾಕಿದ್ದೆವು, ಕೊನೆಯಲ್ಲಿ ತಿಳಿಯಾಗಲೆಂದು ಎರಡು ಮೊಟ್ಟೆಯ ಬಿಳಿ. ಎರಡೂ ಇಲ್ಲಿನ ಮನೆಮನೆಯ ರೂಢಿ. ಎರಡರ ಮೇಲೂ ಅನುಮಾನ ಪಡಬೇಕು. ಗೋಧಿಯ ಪಿಷ್ಟ ರಸದಲ್ಲಿ ತೇಲುತ್ತದೆಯೇ ಎಂದು ತಿಳಿಯಲು ಔಷಧದ ಅಂಗಡಿಯ ಟಿಂಕ್ಚರ್ ಅಯೋಡಿನ್ ಸಾಕು. ಬಿಳಿ ತಟ್ಟೆಯಲ್ಲಿ ಒಂದು ಚಮಚ ವೈನಿಗೆ ನೀರು ಬೆರೆಸಿ ಬಣ್ಣ ತೆಳುವಾಗಿಸಿ, ಹನಿ ಬಿಡಿ. ಮೊದಲ ಹನಿಗಳ ಬಣ್ಣ ಮಾಯವಾಗಬಹುದು, ಸಲ್ಫೈಟ್ ಮತ್ತು ದ್ರಾಕ್ಷಿಯ ಒಗರು ಅದನ್ನು ನುಂಗುತ್ತವೆ. ಇನ್ನೆರಡು ಹನಿ ಹಾಕಿ. ನೀಲಿಗಪ್ಪು ಬಣ್ಣಕ್ಕೆ ತಿರುಗಿದರೆ ಪಿಷ್ಟ. ಆ ಚಮಚವನ್ನು ಚೆಲ್ಲಿಬಿಡಿ. ನಮ್ಮದು ತಿರುಗಲಿಲ್ಲ.

ಹಾಗಾದರೆ ಮೊಟ್ಟೆ. ಮೊಟ್ಟೆಯ ಬಿಳಿ ವೈನಿನ ಒಗರಿನ ಜೊತೆ ಕೂಡಿಕೊಂಡು ಗಸಿಯಾಗಿ ಇಳಿಯುತ್ತದೆ. ಫ್ರಾನ್ಸಿನಲ್ಲಿ 225 ಲೀಟರಿನ ಒಂದು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಬಳಸುವುದು ಹಳೆಯ ಕ್ರಮ. ನಾವು ಹನ್ನೆರಡು ಲೀಟರಿಗೆ ಎರಡು ಹಾಕಿದ್ದೆವು. ಹಿಡಿದುಕೊಳ್ಳಲು ಒಗರು ಸಾಲದೆ ಹೋದಾಗ ಮಿಕ್ಕ ಮೊಟ್ಟೆಯೇ ಮಬ್ಬಾಗಿ ನಿಲ್ಲುತ್ತದೆ. ಗಟ್ಟಿ ಚಹಾ ಕಷಾಯದ ಕೆಲವು ಹನಿಯನ್ನು ಒಂದು ಲೋಟ ವೈನಿಗೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಲೋಟದ ತಳದಲ್ಲಿ ಗಸಿ, ಮೇಲೆ ಮಾಣಿಕ್ಯದಂಥ ಕೆಂಪು. ಆ ಬೆಳಿಗ್ಗೆ ಚಿಕ್ಕಪ್ಪ ಆ ಲೋಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ದ್ರಾಕ್ಷಿಯನ್ನು ಕುದಿಸಿ ರಸ ತೆಗೆದವರಿಗೆ ಬರುವ ಮಬ್ಬು ಬೇರೆ, ಅದು ಪೆಕ್ಟಿನ್. ಕುದಿಸದಿರುವುದೇ ಮದ್ದು, ಆಗಿಹೋದದ್ದಕ್ಕೆ ಪೆಕ್ಟಿನೇಸ್ ಕಿಣ್ವ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹಸಿದ ಯೀಸ್ಟ್ ಇಲ್ಲವೇ ಬೂದಿರೋಗಕ್ಕೆ ಹೊಡೆದ ಗಂಧಕ ಕಾರಣ. ಹುದುಗು ಮುಗಿಯುವ ಮೊದಲೇ ಒಂದು ಸಲ ಎತ್ತರದಿಂದ ಸುರಿದು ಪಾತ್ರೆ ಬದಲಿಸಿದರೆ ಬಹಳಷ್ಟು ಹೋಗುತ್ತದೆ. ಬಣ್ಣ ಕಪ್ಪಾಗಿ ಲೋಹದ ರುಚಿ ಬಂದರೆ ಎಲ್ಲೋ ಕಬ್ಬಿಣ ತಾಗಿದೆ.

ಬಾಟಲಿಗೆ ತುಂಬುವ ಮುನ್ನ ಮತ್ತೊಮ್ಮೆ ಹೈಡ್ರೋಮೀಟರ್ ನೋಡದೆ ಕಾರ್ಕ್ ಒತ್ತಬೇಡಿ. ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಬಾಟಲಿಯೊಳಗೆ ಹುದುಗಿದರೂ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ನಿಂತ ಭರಣಿಯನ್ನು ಮುಗಿದದ್ದೆಂದು ತಿಳಿದು ಚಳಿಯಲ್ಲಿ ತುಂಬಿದರೆ ಏಪ್ರಿಲ್ ಸೆಕೆಗೆ ಗಾಜು ಸಿಡಿಯುತ್ತದೆ. ಇನ್ನೊಂದು ಮಾತು: ಪರವಾನಗಿಯಿಲ್ಲದೆ ವೈನ್ ಮಾರುವುದು ಅಪರಾಧ. ಅಬಕಾರಿ ಕಚೇರಿಯಲ್ಲಿ ನಿಯಮ ವಿಚಾರಿಸಿಯೇ ಮುಂದುವರಿಯಿರಿ.

ಎಲೆಯ ಮೇಲೆ ಎಣ್ಣೆಯ ಕಲೆ

ಇನ್ನು ಚಪ್ಪರಕ್ಕೆ ಬರೋಣ. ಅಕ್ಟೋಬರ್ ನವೆಂಬರಿನಲ್ಲಿ ಎಳೆ ಎಲೆಗಳ ಮೇಲೆ ಎಣ್ಣೆ ಬಿದ್ದಂತೆ ಹಳದಿ ಕಲೆ, ಅಡಿಯಲ್ಲಿ ಬಿಳಿ ತುಪ್ಪಟ ಕಂಡರೆ ಅದು ಬೂಜು ತುಪ್ಪಟ ರೋಗ. ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ಡೌನಿ. ಎಲೆಯ ನುಸಿಯೂ ಅಡಿಯಲ್ಲಿ ಬಿಳಿ ರೋಮ ಬರಿಸುತ್ತದೆ. ನಮ್ಮ ತಳಿಗಂತೂ ಹುಟ್ಟಿನಿಂದಲೇ ಎಲೆಯಡಿ ಉಣ್ಣೆಯಿದೆ, ಆದ್ದರಿಂದ ಮೋಸಹೋಗುವುದು ಸುಲಭ. ಅನುಮಾನದ ಎಲೆಯನ್ನು ಒದ್ದೆ ಬಟ್ಟೆಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಇಡಿ. ಡೌನಿಯಾದರೆ ಬೆಳಗಾಗುವಷ್ಟರಲ್ಲಿ ಕಲೆಯ ಅಡಿಯಲ್ಲಿ ಹೊಸ ಬಿಳಿ ಬೂಜು ಎದ್ದಿರುತ್ತದೆ, ಬೆರಳಿಗೆ ಅಂಟುತ್ತದೆ. ನುಸಿಯ ರೋಮ ಬೆಳೆಯುವುದಿಲ್ಲ, ಒರೆಸಿದರೆ ಹೋಗುವುದೂ ಇಲ್ಲ. ಎಲೆಯ ಮೇಲ್ಭಾಗ ಅಲ್ಲಿ ಉಬ್ಬಿಕೊಂಡಿರುತ್ತದೆ.

ಡೌನಿಗೆ ಮದ್ದು ಕೊಡಗಿನ ಪ್ರತಿ ತೋಟದಲ್ಲೂ ಇದೆ. ಕಾಫಿಯ ಎಲೆತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ, ಅಡಿಕೆಯ ಕೊಳೆಗೆ ನಾವು ಹೊಡೆಯುವ ಬೋರ್ಡೋ ಮಿಶ್ರಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ, ಇದೇ ರೋಗಕ್ಕಾಗಿ. 1882ರಲ್ಲಿ ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರು. ಆ ಬಳ್ಳಿಗಳ ಎಲೆ ಮಾತ್ರ ಉದುರದೆ ಉಳಿದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು, 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ನಮ್ಮ ಡ್ರಮ್ಮಿನಲ್ಲಿ ಕಲಸಿಟ್ಟದ್ದನ್ನು ಮೊದಲ ಸಲ ಚಪ್ಪರಕ್ಕೆ ಹೊಡೆದ ದಿನ, ಮಗಳು ತವರಿಗೆ ಬಂದಂತೆ ಅನಿಸಿತು ನನಗೆ.

ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ. ಎಳೆ ಚಿಗುರಿಗೆ ಎರಡರಲ್ಲೂ ಅರ್ಧ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಅಂದಂದೇ ಕಲಸಿ ಅಂದಂದೇ ಮುಗಿಸಿ. ಕಾಯಿ ಬಣ್ಣ ತಿರುಗಿದ ಮೇಲೆ ನಾನೀಗ ಬೋರ್ಡೋ ಮುಟ್ಟುವುದಿಲ್ಲ. ಆ ವರ್ಷ ತಾಮ್ರ ತಪ್ಪಿಸಿಕೊಂಡಿತು, ಪ್ರತಿ ವರ್ಷವೂ ಹಾಗಾಗದು.

ಬಳ್ಳಿ ಸತ್ತಿದೆಯೇ, ಮುನಿಸಿದೆಯೇ

ಕಲ್ಲುಕಂಬಗಳ ನಡುವೆ ಮೂವತ್ತೆರಡು ಬುಡಗಳಿದ್ದವು. ತೊಗಟೆಯನ್ನು ಉಗುರಿನಿಂದ ಕೆರೆದರೆ ಹನ್ನೊಂದರಲ್ಲಿ ಹಸಿರು ಕಂಡಿತು. ಒಣ ಬುಡಗಳನ್ನು ಅಡ್ಡ ಕೊಯ್ದು ನೋಡಿದಾಗ ಕೆಲವಕ್ಕೆ ಗೆದ್ದಲು, ಕೆಲವಕ್ಕೆ ಕಾಂಡಕೊರಕದ ರಂಧ್ರ ಮತ್ತು ಮರದ ಪುಡಿ, ಉಳಿದವುಗಳಲ್ಲಿ ಕಂದು ಬಣ್ಣದ ಬೆಣೆಯಾಕಾರದ ಸತ್ತ ಕಟ್ಟಿಗೆ. ಕೊನೆಯದು ಹಳೆಯ ಗಾಯದಿಂದ ಇಳಿದ ಶಿಲೀಂಧ್ರ. ಕಂದು ಬೆಣೆ ಮುಗಿದು ಶುಭ್ರ ಕಟ್ಟಿಗೆ ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತ ಹೋಗಬೇಕು, ಒಣ ದಿನದಲ್ಲಿ, ಮತ್ತು ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಬೇಕು. ಬುಡದಿಂದ ಬರುವ ಒಂದು ಬಲವಾದ ಚಿಗುರನ್ನು ಹೊಸ ಕಾಂಡವಾಗಿ ಏರಿಸಿದ ಮೇಲೆ ಮಾತ್ರ ಹಳೆಯ ಕಾಂಡ ತೆಗೆಯಿರಿ. ಸ್ವಂತ ಬೇರಿನ ಬಳ್ಳಿಗೆ ಇದು ಸರಿ. ಬೇರುಸಸಿಗೆ ಕಸಿ ಕಟ್ಟಿದ ಬಳ್ಳಿಯಾದರೆ ಗಂಟಿನ ಕೆಳಗಿನ ಚಿಗುರು ಬೇರುಸಸಿಯದೇ ಆಗಿರುತ್ತದೆ, ಅದರಿಂದ ನಿಮ್ಮ ದ್ರಾಕ್ಷಿ ಬರುವುದಿಲ್ಲ.

ಹನ್ನೊಂದೂ ಚಿಗುರಿದವು. ಚಪ್ಪರ ಹಸಿರಾಯಿತು. ಆದರೆ ಎರಡು ವರ್ಷ ಒಂದು ಗೊಂಚಲೂ ಇಲ್ಲ.

ಈ ದೋಷಕ್ಕೆ ಹೆಚ್ಚಿನವರು ಗೊಬ್ಬರ ಸುರಿಯುತ್ತಾರೆ. ನಾವೂ ಸುರಿದೆವು, ಎಲೆ ಇನ್ನೂ ದೊಡ್ಡದಾಯಿತು. ವಿಜಯಪುರದ ಕಡೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಕೊಂಬೆ ಸವರುತ್ತಾರೆ: ಏಪ್ರಿಲಿನಲ್ಲಿ ಬಳ್ಳಿ ಬೆಳೆಸಲು, ಅಕ್ಟೋಬರಿನಲ್ಲಿ ಹಣ್ಣು ಪಡೆಯಲು. ಏಪ್ರಿಲ್ ಚಾಟ್ನಿಯಾದ ಸುಮಾರು ನಲವತ್ತರಿಂದ ಅರವತ್ತನೆಯ ದಿನದೊಳಗೆ ಹೊಸ ಬಳ್ಳಿಯ ಮೊಗ್ಗಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳಬೇಕು. ಆಗ ಆ ಮೊಗ್ಗಿನ ಮೇಲೆ ಬಿಸಿಲು ಬೀಳಬೇಕು. ಬೀಳದಿದ್ದರೆ ಗೊಂಚಲಾಗಬೇಕಾದದ್ದು ಬರೀ ಕುಡಿಬಳ್ಳಿಯಾಗುತ್ತದೆ. ವಿಜಯಪುರದಲ್ಲಿ ಮೇ, ಜೂನ್ ಎರಡೂ ಬೆಳಕಿನ ತಿಂಗಳು. ನಮ್ಮಲ್ಲಿ ಜೂನ್ ಮೊದಲ ವಾರಕ್ಕೆ ಆಕಾಶ ಮುಚ್ಚುತ್ತದೆ. ನಾವು ಏಪ್ರಿಲ್ ಕೊನೆಗೆ ಸವರುತ್ತಿದ್ದೆವು. ಮೊಗ್ಗು ಬೆಳಕು ಬೇಡುವ ದಿನಗಳು ಸರಿಯಾಗಿ ಮುಂಗಾರಿನೊಳಗೆ ಬೀಳುತ್ತಿದ್ದವು. ಅದರ ಮೇಲೆ ಇಪ್ಪತ್ತು ವರ್ಷದಲ್ಲಿ ಚಪ್ಪರದ ಸುತ್ತಲ ಸಿಲ್ವರ್ ಓಕ್, ಹಾಲುವಾಣ, ಹಲಸು ಎಲ್ಲ ಕೊಡೆಯಾಗಿ ಬೆಳೆದಿದ್ದವು. ಕಾಫಿಗೆ ಮರಗಸಿ ಮಾಡಿಸುವಾಗ (ನೆರಳು ಮರಗಳ ಕೊಂಬೆ ಕಡಿಸುವಾಗ) ಸೋಸಿದ ನೆರಳು ಬಿಡುತ್ತೇವೆ. ದ್ರಾಕ್ಷಿಗೆ ಆ ನೆರಳೂ ಬೇಡ.

ಮೂರನೆಯ ವರ್ಷ ಚಪ್ಪರದ ಮೇಲಿನ ನೆರಳನ್ನು ಪೂರ್ತಿ ಬಿಡಿಸಿ, ಮಾರ್ಚ್ ಕೊನೆಯ ವಾರದಲ್ಲೇ ಸವರಿದೆವು. ಅಕ್ಟೋಬರಿನಲ್ಲಿ ಯಾವ ಮೊಗ್ಗಿನಲ್ಲಿ ಗೊಂಚಲಿದೆಯೆಂದು ತಿಳಿಯಲು, ಒಂದೇ ಬಳ್ಳಿಯ ಕೆಲವು ಕೊಂಬೆಗಳನ್ನು ಮೂರು ಕಣ್ಣಿಗೆ (ಅಂದರೆ ಮೂರು ಮೊಗ್ಗು ಉಳಿಯುವಂತೆ), ಕೆಲವನ್ನು ಆರಕ್ಕೆ, ಕೆಲವನ್ನು ಒಂಬತ್ತಕ್ಕೆ ಸವರಿ ಬಣ್ಣದ ದಾರ ಕಟ್ಟಿದೆ. ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಯಾವ ದಾರದ ಕೊಂಬೆಯಲ್ಲಿ ಹೂವಿದೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ನಿಮ್ಮ ಬಳ್ಳಿಯ ಉತ್ತರ ನಮ್ಮದಕ್ಕಿಂತ ಬೇರೆಯಿರಬಹುದು, ಅದಕ್ಕೇ ಸಂಖ್ಯೆಗಿಂತ ದಾರವನ್ನು ನಂಬಿ.

ಅಕ್ಟೋಬರ್ ಚಾಟ್ನಿಯ ದಿನ ಆರಿಸುವುದು ಇಕ್ಕಟ್ಟಿನ ಕೆಲಸ. ಬೇಗ ಸವರಿದರೆ ಹಿಂಗಾರಿನ ಮಳೆ ಎಳೆ ಎಲೆಗೆ ಡೌನಿ ತರುತ್ತದೆ; ತಡವಾದರೆ ಹಣ್ಣು ಹೂಮಳೆಗೆ ಸಿಕ್ಕುತ್ತದೆ. ಡೌನಿಗೆ ಮದ್ದಿದೆ, ಬಿರಿದ ಹಣ್ಣಿಗೆ ಇಲ್ಲ. ಆದ್ದರಿಂದ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣಕ್ಕೆ ಮೊದಲೇ ಸವರಿ ಮುಗಿಸುತ್ತೇವೆ. ಕಣ್ಣು ಒಟ್ಟಿಗೆ ಒಡೆಯಲೆಂದು ದೊಡ್ಡ ತೋಟಗಳಲ್ಲಿ ಹೈಡ್ರೋಜನ್ ಸಯನಮೈಡ್ ಬಳಿಯುತ್ತಾರೆ. ಅದು ವಿಷ, ಅದನ್ನು ಮುಟ್ಟಿದವರು ಆ ದಿನಗಳಲ್ಲಿ ಮದ್ಯ ಕುಡಿದರೆ ದೇಹಕ್ಕೆ ಇನ್ನೂ ಅಪಾಯ. ಹನ್ನೊಂದು ಬಳ್ಳಿಗೆ ಅದರ ಅಗತ್ಯ ಕಾಣಲಿಲ್ಲ.

ಮೂರನೆಯ ವರ್ಷದ ಹುತ್ತರಿಗೆ ಒಂಬತ್ತು ಬಳ್ಳಿಗಳಲ್ಲಿ ಹೂ ಇತ್ತು. ಪಡುವಣ ಮೂಲೆಯ ಎರಡು ಇವತ್ತಿಗೂ ಬಿಟ್ಟಿಲ್ಲ. ಅವುಗಳ ಎಲೆ ಮಳೆಗಾಲದ ಕೊನೆಗೆ ಉಳಿದವಕ್ಕಿಂತ ಮೊದಲು ಹಳದಿಯಾಗುತ್ತದೆ. ಕಾಫಿಗೆಂದು ಹಿಂದೆ ತೋಡಿದ ಒಂದು ತೊಟ್ಟಿಲುಗುಂಡಿ ಅವುಗಳ ಬುಡಕ್ಕೆ ಮೂರು ಅಡಿ ದೂರದಲ್ಲಿದೆ. ಕಾಫಿಗೆ ನೀರು ಹಿಡಿದು ಕೊಡುವ ಗುಂಡಿ ಅದು, ದ್ರಾಕ್ಷಿಯ ಬೇರನ್ನು ಮೂರು ತಿಂಗಳು ನೀರಿನಲ್ಲಿ ನಿಲ್ಲಿಸುತ್ತಿರಬಹುದು. ಈ ಸಲ ಗುಂಡಿ ಮುಚ್ಚಿ ಬಸಿಗಾಲುವೆ ತೆಗೆಸಿದ್ದು ಒಂದು ಬಳ್ಳಿಗೆ ಮಾತ್ರ. ಇನ್ನೊಂದರ ಮೇಲಿದ್ದ ಹಲಸಿನ ಕೊಂಬೆಯನ್ನು ಕಡಿಸಿದ್ದೇವೆ, ಅದರ ಬುಡ ಮುಟ್ಟಿಲ್ಲ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡೂ ಬುಡದ ಮಣ್ಣು ಕಳಿಸಲು ಚೀಲ ಕಟ್ಟಿಟ್ಟಿದೆ. ನವೆಂಬರಿನಲ್ಲಿ ಎರಡರಲ್ಲೂ ಹೂ ಬಾರದಿದ್ದರೆ ಬುಡ ಅಗೆದು ಬೇರನ್ನು ಕೈಯಲ್ಲಿ ಹಿಡಿದು ನೋಡಬೇಕು.